ಕಷ್ಟ ಅಂತೂ ಸದ್ಯಕ್ಕ ತೀರಲ್ಲ, ಅದರಾಗೇ ಮನ್ಯಾಗ ನಗು ವಾಪಸ್ ತರೋದು ಹ್ಯಾಂಗ್ರಿ?

ಕೊನಿಭಾಗದ ರೈತ (ಸಿರವಾರ ಕಡಿ, ರಾಯಚೂರು ಜಿಲ್ಲಾ)

ಅಣ್ಣಾರ, ಅಕ್ಕಾರ, ಎಲ್ಲಾರ್ಗೂ ನಮಸ್ಕಾರ್ರಿ. ಬಾಳ ದಿನದಿಂದ ಇಲ್ಲಿ ಓದ್ಲಿಕತ್ತೀನಿ, ಬರಿಯೋದು ಇದೇ ಮೊದಲು, ತಪ್ಪಿದ್ರ ಹೊಟ್ಟ್ಯಾಗ ಹಾಕೋರಿ.

ನಮ್ಮದು ತುಂಗಭದ್ರಾ ಎಡದಂಡಿ ಕಾಲುವಿ ಕೊನಿ ಭಾಗ. ನಾಕ್ ಎಕರೆ ಅದ. ಮಳಿಗಾಲದ ನೆಲ್ಲು ಹ್ಯಾಂಗೋ ಕೈಗೆ ಬರ್ತದ, ಎರಡನೇ ಬೆಳಿ ಅಂದ್ರ ನಮಗ ಲಾಟರಿ ಇದ್ದಂಗ, ಕಾಲುವಿ 104ನೇ ಮೈಲಿಗೆ ನೀರು ಮುಟ್ಟಿದ್ರ ಮುಟ್ಟಿತು ಇಲ್ಲಂದ್ರ ಇಲ್ಲ. ಎರಡು ವರ್ಷದ ಹಿಂದ ಅಪ್ಪಗ ಲಕ್ವಾ ಹೊಡೀತು. ಬಲಗೈ ಏಳಲ್ಲ, ಬಲಗಾಲು ಎಳಕೊಂಡು ನಡೀತಾನ, ಮಾತು ತೊದಲ್ತದ. ದವಾಖಾನಿ ಖರ್ಚಿಗೆ ಅಲ್ಲಿ ಇಲ್ಲಿ ಕೈಗಡ, ಮ್ಯಾಲೆ ಸಂಘದ ವಾರದ ಕಂತು, ಎಲ್ಲಾ ಸೇರಿ ಮೂರುವರಿ ಲಕ್ಷದ ತನಕ ಅದ. ನಾ ಒಂದು ರೈಸ್ ಮಿಲ್ಲಿನಾಗ ಹಮಾಲಿ ಮಾಡ್ತೀನಿ, ಒಂದು ವಾರ ಹಗಲು ಒಂದು ವಾರ ರಾತ್ರಿ ಪಾಳಿ, ಮನ್ಯಾಕಿ ಬ್ಲೌಸ್ ಹೊಲಿತಾಳ, ಅವ್ವ ಅಪ್ಪನ ಸೇವಾದಾಗೇ ಇರ್ತಾಳ. ಇದನ್ನೆಲ್ಲಾ ಯಾಕ ಹೇಳಿದೆ ಅಂದ್ರ, ಸಾಲ ಹ್ಯಾಂಗ ತೀರಸಬೇಕು ಅಂತ ನಾ ಕೇಳ್ಲಿಕತ್ತಿಲ್ಲ, ಅದು ಗೊತ್ತದ, ದುಡಿದು ತೀರಸಬೇಕು, ನಾಕೈದು ವರ್ಷ ಹಿಡೀತದ.

ನಾ ಕೇಳೋದು ಬ್ಯಾರೆ. ಹೋದ ಸೋಮವಾರ ಸಂಜಿಮುಂದ ಮನಿಗೆ ಬಂದೆ, ಬೈಕ್ ಬಂದ್ ಮಾಡಿ ಇಳಿಯೂದ್ರಾಗ ಒಳಗ ಮಕ್ಕಳಿಬ್ರು ಏನೋ ಅಣಕಿಸಿ ಬಿದ್ದು ಬಿದ್ದು ನಗ್ಲಿಕತ್ತಿದ್ದು ಕೇಳಿಸ್ತು, ನನಗೂ ಖುಷಿ ಆತು, ಏನದು ಅಂತ ನೋಡೂನು ಅಂತ ಚಪ್ಪಲಿ ಬಿಡ್ಲಿಕತ್ತಿದ್ದೆ, ಅಷ್ಟರಾಗ ಮಗಳು (ಆರನೇ ಕ್ಲಾಸ್) ತಮ್ಮಗ "ಶ್, ಅಪ್ಪ ಬಂದ" ಅಂದ್ಳು. ಸುಮ್ಮಾದ್ರು. ನಾ ಒಳಗ ಹೋದ್ರ ಇಬ್ರೂ ಪುಸ್ತಕ ಹಿಡಕೊಂಡು ಕುಂತಿದ್ರು. ನಾ ಎಂದೂ ಹೊಡದಿಲ್ರಿ, ಜೋರಾಗಿ ಬೈದಿಲ್ಲ ಸೈತ. ಬರೇ ನನ್ನ ಮುಖ ನೋಡಿ ನೋಡಿ ಅವು ಕಲ್ತಾವ, ಅಪ್ಪ ಇದ್ದಾಗ ನಗಬಾರದು ಅಂತ. ಆವತ್ತಿನಿಂದ ಊಟ ಸೇರವಲ್ದು.

ಸಾಲ ತೀರೋತನಕ ಹಿಂಗೇ ಇದ್ರ ಮಗಳು ಹತ್ತನೇ ಕ್ಲಾಸಿಗೆ ಬಂದಿರ್ತಾಳ. ಅಷ್ಟು ದಿನ ಕಾಯಾಂಗಿಲ್ಲ. ಖರ್ಚಿಲ್ಲದ್ದು, ಟೈಮ್ ಬಾಳ ಬೇಡದ್ದು, ನೀವು ಸ್ವಂತ ಮಾಡಿ ನೋಡಿದ್ದು ಏನರ ಇದ್ರ ಹೇಳ್ರಿ. ಬೆಳಿಗ್ಗೆ ನಾಕಕ್ಕ ಎದ್ದು ಧ್ಯಾನ ಮಾಡು ಅನ್ನೋ ವಿಡಿಯೋ ಬ್ಯಾಡ, ನಾಕಕ್ಕ ನಾ ಮಿಲ್ಲಿನಾಗ ಚೀಲ ಹೊತ್ತಿರ್ತೀನಿ.

ರೊಟ್ಟಿ ಅಕ್ಕ (ಕೊಪ್ಪಳ)

ತಮ್ಮಾ, ನಿನ್ನ ಪೋಸ್ಟ್ ಓದಿ ಒಲಿ ಮುಂದನ ಕುಂತು ಬರಿಯಾಕತ್ತೀನಿ.

ನಾ ಮೂವತ್ತಾರನೇ ವಯಸ್ಸಿಗೆ ಗಂಡನ್ನ ಕಳಕೊಂಡಾಕಿ. ಎರಡು ಮಕ್ಕಳು, ಖಡಕ್ ರೊಟ್ಟಿ ಬಡದು ಅಂಗಡಿಗೆ ಖಾನಾವಳಿಗೆ ಕೊಟ್ಟು ಜೀವನ ಮಾಡೀನಿ. ಮೊದಲ ಎರಡು ವರ್ಷ ನಮ್ಮ ಮನಿ ನಿನ್ನ ಮನಿ ಇದ್ದಂಗ ಇತ್ತು, ಅದಕ್ಕಿಂತ ಕೆಟ್ಟ, ಯಾಕಂದ್ರ ನಾ ನಕ್ರ ಓಣ್ಯಾಗಿನ ಮಂದಿ ನೋಡೋರು, ಗಂಡ ಸತ್ತಾಕಿ ಹೆಂಗ ನಗತಾಳ ನೋಡು ಅಂತ. ಹಂಗಾಗಿ ನಾನೂ ನಗು ಅಂದ್ರ ತಪ್ಪು ಅನಕೊಂಡುಬಿಟ್ಟಿದ್ದೆ. ನನ್ನ ಅನಿಸಿಕಿ ಏನಂದ್ರ ನಿನಗೂ ಒಳಗ ಅದೇ ಕುಂತೈತಿ: ಅಪ್ಪ ಹಾಸಿಗಿ ಹಿಡದಾನ, ಸಾಲ ಐತಿ, ನಾ ನಕ್ರ ಜವಾಬ್ದಾರಿ ಇಲ್ಲದಾಂವ ಆಗ್ತೀನಿ ಅಂತ. ಹಂಗಲ್ಲ ತಮ್ಮಾ. ನಗೋದು ಅಂದ್ರ ಕಷ್ಟಕ್ಕ ಮರ್ಯಾದಿ ಕೊಡದಂಗಲ್ಲ. ಇದು ನನಗ ತಿಳಿಯಾಕ ಎರಡು ವರ್ಷ ಹಿಡೀತು, ನೀ ಅಷ್ಟು ಹಿಡೀಬ್ಯಾಡ.

ನಾ ಮಾಡಿದ್ದು ಹೇಳ್ತೀನಿ ಕೇಳು. ಮೊದಲು ಒಬ್ಬಾಕೇ ನಸಿಕಿನ್ಯಾಗ ಎದ್ದು ಗ್ವಾಡಿ ಕಡಿ ಮುಖ ಮಾಡಿ ರೊಟ್ಟಿ ಬಡೀತಿದ್ದೆ, ಬಡಿಯೋ ಸಪ್ಪಳದಾಗ ಬರೇ ಚಿಂತಿ. ಬಾಜೂ ಮನಿ ಇಬ್ರೂ ರೊಟ್ಟಿ ಮಾಡೋರೇ, ಒಂದಿನ ಕಟಿಗಿ ಉಳೀತಾವ ಅಂತ ಮೂರೂ ಮಂದಿ ಒಂದೇ ಒಲಿ ಹೂಡಿದ್ವಿ. ಕಟಿಗಿ ಉಳೀತೋ ಇಲ್ಲೋ ಗೊತ್ತಿಲ್ಲ, ಆದ್ರ ಒಬ್ಬಾಕಿ ಬೀಸುಕಲ್ಲಿನ ಪದ ತಗೀತಾಳ, ಒಬ್ಬಾಕಿ ತನ್ನ ಅತ್ತಿ ಸುದ್ದಿ ತಗೀತಾಳ, ಅದೇ ನೂರೈವತ್ತು ರೊಟ್ಟಿ ಯಾವಾಗ ಮುಗದ್ವು ತಿಳಿಯಾಂಗಿಲ್ಲ. ಕೆಲಸ ಅಷ್ಟೇ, ಹಿಟ್ಟು ಅಷ್ಟೇ, ಕೈ ನೋವೂ ಅಷ್ಟೇ, ಒಬ್ಬಾಕೇ ಮಾಡೋದು ಬಿಟ್ಟೆ, ಅಷ್ಟ ಬದಲಾಗಿದ್ದು. ನಿಮ್ಮಾಕಿ ಒಬ್ಬಾಕೇ ಮೂಲ್ಯಾಗ ಕುಂತು ಹೊಲಿತಿರಬೇಕು. ಮಶಿನ್ ಬಾಗಲದಾಗ ಇಡು, ಬಾಜೂದವ್ರು ಹುಕ್ ಹಚ್ಚಾಕ ಬಂದು ಕುಂದರ್ಲಿ.

ಇನ್ನೊಂದು, ವರ್ಷಾ ಜನವರಿದಾಗ ನಮ್ಮ ಗವಿಮಠದ ಜಾತ್ರಿ. ಮಹಾದಾಸೋಹಕ್ಕ ಹಳ್ಳಿ ಹಳ್ಳಿಯಿಂದ ಲಕ್ಷಗಟ್ಲೆ ರೊಟ್ಟಿ ಬರ್ತಾವ. ನಾನೂ ಐವತ್ತು ರೊಟ್ಟಿ ಕೊಡ್ತೀನಿ, ಮಾರೋದಲ್ಲ, ಹಂಗ ಕೊಡೋದು. ವರ್ಷಪೂರ್ತಿ ಕೈ ಚಾಚಿ ರೊಕ್ಕ ಇಸಕೊಳ್ಳೋ ಕೈ ಅದು, ಒಂದಿನ ಕೊಡೋ ಕೈ ಆಗ್ತೈತಿ. ಆವತ್ತು ನಾ ನಡಿಯೋ ನಡಿಗಿನ ಬ್ಯಾರೆ.

ಮತ್ತ 2023ರ ಜೂನ್‌ದಾಗ ಹೆಣ್ಮಕ್ಕಳಿಗೆ ಬಸ್ ಫ್ರೀ ಆದಮ್ಯಾಲೆ ಆ ಒಲಿ ಮುಂದಿನ ಮೂವರೂ ಕೂಡಿ ತಿಂಗಳಿಗೊಮ್ಮೆ ಹುಲಿಗಿಗೆ ಹೋಗ್ತೀವಿ. ಹುಲಿಗೆಮ್ಮನ ದರ್ಶನ, ಹೊಳಿ ದಂಡ್ಯಾಗ ಬುತ್ತಿ ಬಿಚ್ಚಿ ಊಟ, ಮನಿಗೆ ವಾಪಸ್. ಹೂವು ಕಾಯಿ ಬಿಟ್ರ ಖರ್ಚಿಲ್ಲ. ಮುಂದಿನ ತಿಂಗಳು ಹೋಗೋದೈತಿ ಅನ್ನೋದು ತಲ್ಯಾಗ ಇದ್ರ ಈ ತಿಂಗಳು ಹಗುರಾಗ್ತೈತಿ.

ಮಗಳ ಸುದ್ದಿ: ನಾಳಿ ಮನಿಗೆ ಹೋಗೋ ಮುಂದ ಓಣಿ ಬಾಯಾಗ ಎರಡು ಸಲ ಹಾರ್ನ್ ಹೊಡಿ. ಒಳಗ ಹೋಗಿ "ಏನು ನಗಾಕತ್ತಿದ್ರಿ, ನನಗೂ ಹೇಳ್ರಿ" ಅಂತ ಅವರ ಬಾಜೂ ಕುಂದ್ರು. ಒಂದಿನಕ್ಕ ಆಗಾಂಗಿಲ್ಲ. ಎಂಟು ದಿನ ಮಾಡು.

ಗಾಂಧಿನಗರ ಹುಡುಗ (ಸಿಂಧನೂರು)

ಯಾರಿಗೂ ಬ್ಯಾಸರ ಮಾಡ್ಬೇಕಂತ ಅಲ್ಲ, ಆದ್ರ ನನಗ ಅನಿಸಿದ್ದು ಹೇಳ್ತೀನಿ. ಹೊಟ್ಟಿಗಿ ಹಿಟ್ಟಿಲ್ಲ ಜುಟ್ಟಿಗಿ ಮಲ್ಲಿಗಿ ಹೂವು ಅಂತ ಹಿರ್ಯಾರು ಸುಮ್ಮನೆ ಹೇಳಿಲ್ಲ. ನಮ್ಮ ಮಾವ ಎರಡು ವರ್ಷ ಬೆಳಿ ಹೋಗಿ, ಸಾಲ ಆಗಿ ಹೆಂಡತಿ ಮಕ್ಕಳ ಸಮೇತ ಬೆಂಗಳೂರಿಗೆ ಗುಳೆ ಹೋದ, ಅಲ್ಲಿ ಕಟ್ಟಡದ ಕೆಲಸ, ಶೆಡ್‌ನ್ಯಾಗ ವಾಸ. ಅವನಿಗೆ ಹೋಗಿ ಖುಷಿಯಾಗಿರು ಅಂತ ಹೇಳಾಕ ನನಗ ಬಾಯಿ ಬರಲ್ಲ. ಕೊನಿ ಭಾಗಕ್ಕ ನೀರು ಬರಲಿ, ನೆಲ್ಲಿಗೆ ರೇಟ್ ಸಿಗಲಿ, ನಗು ತಾನಾಗೇ ಬರ್ತತಿ. ಅದನ್ನ ಬಿಟ್ಟು ರೈತಗ ನಗು ನಗು ಅಂದ್ರ ಅವನ ಸಿಟ್ಟನ್ನೂ ಕಸಗೊಂಡಂಗ ಆಗ್ತತಿ.

ರೊಟ್ಟಿ ಅಕ್ಕ (ಕೊಪ್ಪಳ)

ನೀ ಹೇಳಿದ್ದು ಖರೇ ಐತಿ ತಮ್ಮಾ, ನೀರು ರೇಟ್ ಕೇಳೋದು ಬಿಡಬೇಕು ಅಂತ ನಾನೂ ಹೇಳಿಲ್ಲ. ಆದ್ರ ಆ ಗಾದಿ ಮಾತು ನನಗ ಸೇರಾಂಗಿಲ್ಲ. ನಮ್ಮ ಮನ್ಯಾಗ ಹಿಟ್ಟು ಇಲ್ಲದ ದಿನಾನೂ ಇದ್ವು. ಅಂಥಾ ಒಂದಿನ ಬಾಜೂ ಮನಿ ಅಜ್ಜಿ ತನ್ನ ಬಳ್ಳಿ ಮಲ್ಲಿಗಿ ಒಂದು ಮೊಳ ಕಟ್ಟಿ ನನ್ನ ಮಗಳ ತಲಿಗೆ ಮುಡಿಸಿ ಸಾಲಿಗೆ ಕಳಿಸಿದ್ಲು. ಹುಡುಗಿ ಆವತ್ತು ಉಪಾಸ ಹೋಗಿದ್ದು ಯಾರಿಗೂ ಗೊತ್ತಾಗಲಿಲ್ಲ, ಹೂವು ಮುಡಕೊಂಡು ಬಂದಾಳ ಅಂತ ಗೊತ್ತಾತು. ಮಧ್ಯಾಹ್ನ ಸಾಲ್ಯಾಗ ಬಿಸಿಯೂಟ ಉಂಡ್ಲು. ಹಿಟ್ಟಿನ ಕಷ್ಟ ಹಿಟ್ಟಿಂದ ತೀರ್ತೈತಿ, ಖರೇ, ಆದ್ರ ಆ ಹುಡುಗಿ ಅವತ್ತು ತಲಿ ಎತ್ತಿ ಸಾಲಿಗೆ ಹೋದ್ಲಲ್ಲ, ಅದಕ್ಕ ಆ ಹೂವೇ ಬೇಕಿತ್ತು.

2024ರ ಆಗಸ್ಟ್‌ನ್ಯಾಗ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಕೊಂಡು ಹೋದಾಗ ನೆನಪೈತಿ? ಮೂರು ರಾಜ್ಯದ ರೈತರು ತಲಿ ಮ್ಯಾಲೆ ಕೈ ಹೊತ್ತು ಕುಂತಿದ್ರು, ವರ್ಷದ ನೀರೆಲ್ಲಾ ಹೊಳ್ಯಾಗ ಹೊಂಟಿತ್ತು. ಒಂದು ವಾರದಾಗ ಹರಿಯೋ ನೀರಿನ್ಯಾಗ ಸ್ಟಾಪ್‌ಲಾಗ್ (ತಾತ್ಕಾಲಿಕ ಗೇಟ್) ಇಳಿಸಿದ್ರು. ಆವತ್ತು ರಾತ್ರಿ ನಮ್ಮ ಓಣ್ಯಾಗ ಇದ್ದ ಬೆಲ್ಲದಾಗ ಹುಗ್ಗಿ ಮಾಡಿ ಹಂಚಿದ್ವಿ. ಬೆಳಿ ಬರ್ತೈತೋ ಇಲ್ಲೋ ಇನ್ನೂ ಯಾರಿಗೂ ಗೊತ್ತಿರಲಿಲ್ಲ. ನೀನೂ ಉಂಡಿರಬೇಕು ಎಲ್ಲೋ ಒಂದು ಕಡಿ.

ಗಾಂಧಿನಗರ ಹುಡುಗ (ಸಿಂಧನೂರು)

ಉಂಡೀನಿ ಅಕ್ಕ. ನಮ್ಮ ಊರಾಗ ಪೇಡಾ ಹಂಚಿದ್ರು. ಮಾವಗ ಇವತ್ತು ಫೋನ್ ಮಾಡ್ತೀನಿ, ನಾವಿಬ್ರೂ ಮಾತಾಡಿದ್ರ ಬರೇ ಯಾರಿಗೆ ಎಷ್ಟು ಕೊಡೋದೈತಿ ಅಂತನೇ ಮಾತಾಡ್ತೀವಿ, ಅವನು ಮೊದಲು ಬಯಲಾಟದಾಗ ಭೀಮನ ಪಾರ್ಟ್ ಮಾಡ್ತಿದ್ದ, ಅದರ ಸುದ್ದಿ ತಗೀತೀನಿ.

ವಾರ್ಡ್ ಸಿಸ್ಟರ್ (ರಾಯಚೂರು)

ಕೊನಿಭಾಗದ ಅಣ್ಣಾರ, ನಾನು ಸರ್ಕಾರಿ ಆಸ್ಪತ್ರೆಯಲ್ಲಿ ಸಿಸ್ಟರ್, ಹದಿನಾಲ್ಕು ವರ್ಷ ಆಯ್ತು. ನಿಮ್ಮ ಪೋಸ್ಟಲ್ಲಿ ಎಲ್ಲರೂ ಮಗಳ ಮಾತು ಹಿಡ್ಕೊಂಡ್ರು, ನನಗೆ ನಿಮ್ಮ ಅಪ್ಪನ ಚಿಂತೆ ಆಯ್ತು. ಅವರ ಮೈ ಬಗ್ಗೆ ಬರೆದೀರಿ, ಮನಸ್ಸಿನ ಬಗ್ಗೆ ಒಂದು ಮಾತೂ ಬರೆದಿಲ್ಲ. ಲಕ್ವಾ ಆದೋರಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಒಬ್ಬರಿಗೆ ಆಮೇಲೆ ಖಿನ್ನತೆ ಬರ್ತದೆ. ಮನೆಯೋರು ಏನಂತಾರೆ, ವಯಸ್ಸಾಯ್ತು, ಕೈಕಾಲು ಹೋಯ್ತು, ಬ್ಯಾಸರ ಇದ್ದೇ ಇರ್ತದೆ ಅಂತ ಬಿಟ್ಬಿಡ್ತಾರೆ. ಸುಮ್ಮನೆ ಗೋಡೆ ನೋಡ್ತಾ ಮಲಗೋದು, ಸಣ್ಣದಕ್ಕೆ ಅಳೋದು ಇಲ್ಲಾ ಸಿಟ್ಟಾಗೋದು, ಊಟ ಬೇಡ ಅನ್ನೋದು, ಎಕ್ಸರ್‌ಸೈಜ್ ಮಾಡು ಅಂದ್ರೆ ಯಾಕೆ ಮಾಡ್ಲಿ ಅನ್ನೋದು, ಇದೆಲ್ಲಾ ಇದ್ರೆ ಅದು ಹಠ ಅಲ್ಲ, ಕಾಯಿಲೆ, ಅದಕ್ಕೆ ಔಷಧಿ ಐತ್ರಿ. ಮನಸ್ಸು ಸ್ವಲ್ಪ ಎದ್ರೆ ಕೈಕಾಲೂ ಬೇಗ ಸುಧಾರಿಸ್ತದೆ, ಯಾಕಂದ್ರೆ ವ್ಯಾಯಾಮ ಮಾಡೋಕೆ ಮನಸ್ಸು ಬೇಕಲ್ಲ.

ಖರ್ಚಿಲ್ಲ. ತಾಲೂಕು ಆಸ್ಪತ್ರೆಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ಮಾನಸಿಕ ತಜ್ಞರು ಬರ್ತಾರೆ, ನಿಮ್ಮ ಕಡೆ ಯಾವ ಮಂಗಳವಾರ ಅಂತ ಮೊದಲೇ ಕೇಳ್ಕೊಂಡು ಹೋಗ್ರಿ. ಹೋಗೋಕೆ ಆಗದಿದ್ರೆ 14416 ಗೆ ಫೋನ್ ಮಾಡ್ರಿ, ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಿಂದ ಐತಿ, ಫ್ರೀ, ಹಗಲು ರಾತ್ರಿ ಯಾವಾಗಾದ್ರೂ, ಕನ್ನಡದಲ್ಲೇ ಮಾತಾಡ್ತಾರೆ. ಅಪ್ಪಗೆ ಅಷ್ಟೇ ಅಲ್ಲ, ನಿಮಗೂ. ಊಟ ಸೇರ್ತಿಲ್ಲ ಅಂದ್ರಿ. ಬದುಕೋದೇ ಬೇಡ ಅನ್ನೋ ವಿಚಾರ ಒಂದು ಸಲ ಬಂದ್ರೂ ನಾಚಿಕೆ ಪಡದೆ ಆ ನಂಬರಿಗೆ ಫೋನ್ ಹಚ್ರಿ, ದಯವಿಟ್ಟು.

ಆಮೇಲೆ ಅಪ್ಪಗೆ ಒಂದು ಕೆಲಸ ಕೊಡ್ರಿ. ಎಲ್ಲಾ ನಾವೇ ಮಾಡಿಬಿಟ್ರೆ ಅವರು ಚೀಲ ಇದ್ದಂಗೆ ಆಗ್ತಾರೆ. ಎಡಗೈಯಿಂದ ಬಳ್ಳೊಳ್ಳಿ ಸುಲಿಯೋದು, ಶೇಂಗಾ ಆರಿಸೋದು, ಮೊಮ್ಮಗನ ಮಗ್ಗಿ ಕೇಳೋದು, ಏನಾದ್ರೂ. ನಿಧಾನ ಆಗ್ತದೆ, ಅರ್ಧ ಚೆಲ್ತದೆ, ಆಗ್ಲಿ. ಮನಸ್ಸು ಸರಿಹೋದ ಮೇಲೆ ಕೆಲಸ ಮಾಡ್ತೀನಿ ಅಂತ ಕಾಯ್ತಾ ಕೂತ್ರೆ ಅದು ಸರಿಹೋಗಲ್ಲ, ಕೈ ಮೊದಲು ಆಡಬೇಕು, ಮನಸ್ಸು ಹಿಂದಿಂದ ಬರ್ತದೆ, ಖಿನ್ನತೆಗೆ ಕೌನ್ಸೆಲಿಂಗ್‌ನಲ್ಲೂ ಇದನ್ನೇ ಮಾಡಿಸ್ತಾರೆ. ಬಿಪಿ ಮಾತ್ರೆ ಮಾತ್ರ ಒಂದು ದಿನಾನೂ ತಪ್ಪಿಸಬೇಡ್ರಿ.

ನನ್ನ ಸ್ವಂತದ್ದು ಒಂದೇ ಹೇಳ್ತೀನಿ. ವಾರ್ಡಿನಲ್ಲಿ ಸಾವು ನೋಡಿ ಸೀದಾ ಮನೆಗೆ ಹೋದ ದಿನ ಮಕ್ಕಳ ಮೇಲೆ ಹಾಯ್ತಿದ್ದೆ. ಈಗ ಡ್ಯೂಟಿ ಮುಗಿಸಿ ಆಮ್ ತಲಾಬ್ ದಂಡೆ ಮೇಲೆ ಹತ್ತು ನಿಮಿಷ ಕೂರ್ತೀನಿ. ನೀರು ನೋಡ್ತೀನಿ, ಕೋಟೆ ಕಡೆ ಹಕ್ಕಿ ಹೋಗೋದು ನೋಡ್ತೀನಿ, ಫೋನ್ ತೆಗೆಯಲ್ಲ. ಆಸ್ಪತ್ರೆ ಅಲ್ಲೇ ಬಿಟ್ಟು ಎದ್ದು ಹೋಗ್ತೀನಿ. ನೀವೂ ಮಿಲ್ಲಿನಿಂದ ಬರೋವಾಗ ಕಾಲುವೆ ಪಕ್ಕ ಬೈಕ್ ನಿಲ್ಲಿಸಿ, ಮುಖಕ್ಕೆ ನೀರು ಹಾಕ್ಕೊಂಡು ಒಂದೈದು ನಿಮಿಷ ನಿಂತು ಹೋಗ್ರಿ.

ಜೀನ್ಸ್ ಟೈಲರ್ (ಬಳ್ಳಾರಿ)

ಅಣ್ಣ ನಂದೂ ಸೇಮ್ ಕಥೆ, ಸಾಲದ್ದು. ನಾನು ಜೀನ್ಸ್ ಹೊಲಿಯೋನು, ಪೀಸ್ ಲೆಕ್ಕ, ಆರ್ಡರ್ ಇದ್ರೆ ಊಟ ಇಲ್ಲಾಂದ್ರೆ ಇಲ್ಲ. ವಾರದ ಕಂತಿನೋರು ಬಾಗಿಲಲ್ಲಿ ಬಂದು ಕೂರ್ತಿದ್ರು, ನಮ್ಮಮ್ಮ ಅವರು ಹೋಗೋತನಕ ಹಿತ್ತಿಲಲ್ಲಿ ಇರೋಳು. ಆ ಭಯ ಇರೋತನಕ ಏನ್ ಮಾಡಿದ್ರೂ ಖುಷಿ ಬರಲ್ಲ, ಅದಕ್ಕೆ ಮೊದಲು ಅದನ್ನ ಹೇಳ್ತೀನಿ. 2025ರ ಫೆಬ್ರವರಿಯಲ್ಲಿ ನಮ್ಮ ರಾಜ್ಯದಲ್ಲಿ ಸುಗ್ರೀವಾಜ್ಞೆ ಬಂತು, ಸಣ್ಣ ಸಾಲ ವಸೂಲಿಗೆ ಬೆದರಿಸೋದು ಮನೆ ಮುಂದೆ ಗಲಾಟೆ ಮಾಡೋದು ಅಪರಾಧ, 10 ವರ್ಷದ ತನಕ ಜೈಲು 5 ಲಕ್ಷದ ತನಕ ದಂಡ ಹಾಕಬಹುದು. ನಾನು ಸಾಲ ಕಟ್ಟೋದು ಬಿಟ್ಟಿಲ್ಲ, ಕಟ್ತಾ ಇದೀನಿ, ಆದ್ರೆ ಹೆದರೋದು ಬಿಟ್ಟೆ. ಯಾರಾದ್ರೂ ಜೋರು ಮಾಡಿದ್ರೆ ಸ್ಟೇಷನ್‌ಗೆ ಹೋಗಿ.

ಈಗ ಖುಷಿ ವಿಷಯ. ನಮ್ಮ ಬಳ್ಳಾರಿ ಬಿಸಿಲು ನಿಮಗೆ ಹೇಳೋದೇ ಬೇಡ, ರಾಯಚೂರೂ ಅಷ್ಟೇ, ಏಪ್ರಿಲ್ ಮೇನಲ್ಲಿ 42 ಡಿಗ್ರಿ ದಾಟುತ್ತೆ, ತಗಡಿನ ಮನೆ ಒಳಗೆ ಮಲಗೋಕಾಗಲ್ಲ, ಫ್ಯಾನ್ ಹಾಕಿದ್ರೆ ಬಿಸಿ ಗಾಳಿ. ಹಂಗಾಗಿ ಬಾಜು ಚಿಕ್ಕಪ್ಪನ ಮಾಳಿಗೆ ಮೇಲೆ ಎಲ್ಲರೂ ಹೋಗ್ತೀವಿ, ಸಂಜೆ ಒಂದು ಬಕೆಟ್ ನೀರು ಚೆಲ್ಲಿ ತಣ್ಣಗೆ ಮಾಡಿ ಚಾಪೆ ಹಾಸಿ ಅಲ್ಲೇ ಊಟ. ವಾರಕ್ಕೊಂದು ದಿನ ಮಂಡಾಳೊಗ್ಗರಣೆ ಮಿರ್ಚಿ, ಶನಿವಾರ ಪಗಾರದ ದಿನ. ಅಲ್ಲಿಂದ ಕೋಟೆ ಗುಡ್ಡ ಕಾಣ್ಸುತ್ತೆ, ಒಂದೇ ಬಂಡೆ ಕಡೆದಂಗೆ ಐತೆ, ಬೆಳದಿಂಗಳಲ್ಲಿ ನೋಡಬೇಕು ನೀವು. ಒಂದು ರೂಲ್ ಮಾಡ್ಕೊಂಡಿದೀವಿ, ಮಾಳಿಗೆ ಮೇಲೆ ಸಾಲದ ಮಾತು ಆಡಂಗಿಲ್ಲ, ಆಡೋದಿದ್ರೆ ಕೆಳಗೆ ಇಳಿದು ಹೋಗಿ ಆಡಬೇಕು. ನಮ್ಮಮ್ಮ ಎರಡು ಸಲ ಅಪ್ಪನ್ನ ಇಳಿಸಿದಾಳೆ. ಕಷ್ಟನ ಬಿಟ್ಟೋಡೋಕೆ ಆಗಲ್ಲ ಅಣ್ಣ, ಆದ್ರೆ ಅದಕ್ಕೆ ಇಡೀ ಮನೆ ಕೊಡೋದು ಬೇಡ, ಒಂದು ಜಾಗ ನಮಗೆ ಇಟ್ಕೋಬೇಕು.

ಇನ್ನೊಂದು, ಅಪ್ಪಾಜಿಗೆ ಚೌಕಾಬಾರ ಆಡ್ಸಿ. ನಮ್ಮ ತಾತಗೂ ಲಕ್ವಾ ಆಗಿತ್ತು. ಕವಡೆ ಇಲ್ಲಾಂದ್ರೆ ನಾಕು ಹುಣಸೆ ಬೀಜ ಒಂದು ಕಡೆ ಮಾತ್ರ ಕಲ್ಲಿಗೆ ಉಜ್ಜಿ ಬಿಳಿ ಮಾಡಿದ್ರೆ ಸಾಕು, ನೆಲದ ಮೇಲೆ ಐದೈದು ಮನೆ ಗೀಚಿ. ಕಾಯಿ ನಡೆಸೋಕೆ ಒಂದು ಕೈ ಸಾಕು, ಲೆಕ್ಕಕ್ಕೆ ತಲೆನೂ ಓಡುತ್ತೆ.

ವಾರ್ಡ್ ಸಿಸ್ಟರ್ (ರಾಯಚೂರು)

ಟೈಲರ್ ತಮ್ಮ ಹೇಳಿದ್ದು ಬಾಳ ಚಲೋ ಐತಿ. ಕಾಯಿ ಹಿಡಿಯೋಕೆ ಬಲಗೈಯನ್ನೂ ಸ್ವಲ್ಪ ಸ್ವಲ್ಪ ಹಚ್ಚಿಸ್ರಿ, ಆದಷ್ಟೇ, ಜಬರದಸ್ತಿ ಬೇಡ.

ಕೊನಿಭಾಗದ ರೈತ (ಸಿರವಾರ ಕಡಿ, ರಾಯಚೂರು ಜಿಲ್ಲಾ)

ಎಲ್ಲಾರ್ಗೂ ಕೈ ಮುಗಿತೀನ್ರಿ. ಹದಿನಾರು ದಿನ ಆತು, ಏನಾತು ಅಂತ ಹೇಳಬೇಕಲ್ಲ.

ಹಾರ್ನ್ ಹೊಡಿಯೋದು ಮೊದಲ ದಿನ ಕೆಟ್ಟೇ ಆತು. ಮಕ್ಕಳು ಗಾಬರಿ ಆಗಿ ಹೊರಗ ಬಂದ್ವು, ಯಾರಿಗರ ಏನರ ಆತೇನು ಅಂತ. ಒಳಗ ಹೋಗಿ ಕುಂತು ಏನು ನಗ್ಲಿಕತ್ತಿದ್ರಿ ಅಂದ್ರ ಏನಿಲ್ಲ ಅಂದ್ವು. ನಾಕನೇ ದಿನವೋ ಐದನೇ ದಿನವೋ ಮಗ ತಾನೇ ಬಂದು ಅವರ ಸಾಲಿ ಸಾರ್ ಹ್ಯಾಂಗ ಸೀನ್ತಾರ ಅಂತ ತೋರಿಸಿದ. ನನಗ ಖರೇನೇ ನಗು ಬಂತು, ತಡಕೋಳಕ ಆಗಲಿಲ್ಲ, ಮಗಳು ಬಾಗಲದಾಗ ನಿಂತು ನನ್ನ ಮುಖನೇ ನೋಡ್ಲಿಕತ್ತಿದ್ಲು.

ಕಾಲುವಿ ಹತ್ರ ದಿನಾ ನಿಂದರ್ತೀನಿ. ಈಗ ಅದರಾಗ ನೀರಿಲ್ಲ, ಬಾಟ್ಲಿ ನೀರಲೇ ಮುಖ ತೊಳಕೊಂತೀನಿ.

ಅಪ್ಪನ್ನ ಮಂಗಳವಾರ ಕರಕೊಂಡು ಹೋಗಿದ್ದೆ. ಡಾಕ್ಟ್ರು ಬಾಳ ಹೊತ್ತು ಅಪ್ಪನ ಜೋಡಿನೇ ಮಾತಾಡಿದ್ರು, ನನ್ನ ಕೇಳಲಿಲ್ಲ, ಅವನ್ನೇ ಕೇಳಿದ್ರು, ತೊದಲಿದ್ರೂ ಕಾದ್ರು. ಅಪ್ಪ ಅತ್ತ. ಸಿಸ್ಟರ್ ಹೇಳಿದ್ದೇ ಆತು, ಗುಳಗಿ ಕೊಟ್ಟಾರ, ಗುಣ ಕಾಣಾಕ ಎರಡು ಮೂರು ವಾರ ಹಿಡೀತದ ಅಂದಾರ, ನಡುವ ಬಿಡಬ್ಯಾಡ ಅಂದಾರ. ಎರಡು ವರ್ಷ ನಾ ಅವನ ಕಾಲು ತಿಕ್ಕಿದ್ದೇ ತಿಕ್ಕಿದ್ದು, ಹ್ಯಾಂಗದೀ ಅಂತ ಒಂದಿನ ಕೇಳಿರಲಿಲ್ರಿ.

ಮಗಳು ಪಡಸಾಲಿ ಪರ್ಸಿ ಮ್ಯಾಲೆ ಸೀಮಿಸುಣ್ಣದಲೆ ಚೌಕಾಬಾರದ ಮನಿ ಗೀಚ್ಯಾಳ. ಹುಣಸಿ ಬೀಜ ಅವ್ವ ತಿಕ್ಕಿ ಕೊಟ್ಲು. ಮೊದಲ ಎರಡು ದಿನ ಅಪ್ಪ ಸುಮ್ಮನೆ ನೋಡಿದ. ಮೂರನೇ ದಿನ ಎಡಗೈಲೆ ಬೀಜ ಎತ್ತಿ ಒಗದ, ನಾಕೂ ಕರೇ ಕಡಿ ಮ್ಯಾಲಾಗಿ ಬಿದ್ವು, ಅಂದ್ರ ಎಂಟು, ಆಟದಾಗ ಅದಕ್ಕ ಬಾರಾ ಅಂತಾರ. "ಬಾರಾ" ಅಂತ ಒದರಿದ. ತೊದಲಲಿಲ್ಲ. ಅವ್ವ ಒಲಿ ಮುಂದಿಂದ ಎದ್ದು ಬಂದ್ಲು. ಈಗ ದಿನಾ ಸಂಜಿ ಆಟ, ನಾ ಹಗಲು ಪಾಳಿ ಇದ್ರ ನಂದೂ ಒಂದು ಕಾಯಿ. ನಿನ್ನಿ ಅಪ್ಪ ಎರಡು ಮನಿ ಜಾಸ್ತಿ ನಡಿಸಿದ ಅಂತ ಮಗಳು ದೊಡ್ಡ ಜಗಳ ತಗದ್ಲು, ತಾತ ನೀ ಮೋಸ ಮಾಡ್ತಿ ಅಂತ, ಅಪ್ಪ ಇಲ್ಲ ಇಲ್ಲ ಅಂತ ತಲಿ ಅಲ್ಲಾಡಸ್ತಾನ, ನಗ್ತಾನ. ನಮ್ಮ ಮನ್ಯಾಗ ರೊಕ್ಕದ ಸಲುವಾಗಿ ಅಲ್ಲದ ಜಗಳ ಕೇಳಿ ಎಷ್ಟು ದಿನ ಆಗಿತ್ತೋ.

ಸಂಘದ ಕಂತು ಈ ವಾರನೂ ಒಂದಿನ ತಡ ಆತು. ಅದು ಅದರ ಪಾಡಿಗೆ ನಡದದ.

ರೊಟ್ಟಿ ಅಕ್ಕಾರ, ನಮ್ಮಾಕಿ ಮಶಿನ್ ಬಾಗಲದಾಗ ಇಟ್ಟಾಳ. ಹುಲಿಗಿಗೆ ಹೋಗೋದು ಯಾವಾಗ ಅಂತ ದಿನಾ ಕೇಳ್ಲಿಕತ್ಯಾಳ. ಹುಣ್ಣಿಮಿಗೇ ಬರಬೇಕೇನ್ರಿ, ಬ್ಯಾರೆ ದಿನ ಬಂದ್ರ ನಡೀತದೇನು?

ರೊಟ್ಟಿ ಅಕ್ಕ (ಕೊಪ್ಪಳ)

ಹುಣ್ಣಿಮಿ ಬ್ಯಾಡ ತಮ್ಮಾ, ಕಾಲಿಡಾಕ ಜಾಗ ಇರಾಂಗಿಲ್ಲ. ಮಂಗಳವಾರ ಶುಕ್ರವಾರನೂ ಗದ್ದಲ. ಬುಧವಾರ ಇಲ್ಲಾ ಗುರುವಾರ ಬರ್ಲಿ, ಸಿಂಧನೂರು ಗಂಗಾವತಿ ಮ್ಯಾಲೆ ಬಸ್ ಸಿಗ್ತಾವ, ಆಧಾರ್ ಕಾರ್ಡ್ ಮರೀಬ್ಯಾಡ ಅನ್ನು. ನಸಿಕಿನ್ಯಾಗ ಬಿಟ್ರ ಬಿಸಿಲೇರೂದ್ರಾಗ ಮುಟ್ತಾಳ. ಮಗಳನ್ನೂ ಕರಕೊಂಡು ಬರ್ಲಿ. ರೊಟ್ಟಿ ನಾ ಕಟಗೊಂಡು ಬರ್ತೀನಿ, ಶೇಂಗಾ ಹಿಂಡಿ ಆಕಿ ತರ್ಲಿ.